ಬಚ್ಚಲ ಗವಾಕ್ಷಿಯ ಅಪ್ಪಣೆ

ಇಪ್ಪತ್ತೆರಡು ವರ್ಷ ಲಿಫ್ಟಿನೊಳಗೆ ನಿಂತು ಮೇಲೆ ಕೆಳಗೆ ಓಡಾಡಿದ ಮನುಷ್ಯ ಒಂದು ದಿನವೂ ತಾನು ಎಲ್ಲಿಗೆ ಹೋಗಬೇಕೆಂದು ಯೋಚಿಸಿರಲಿಲ್ಲ. ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ ಅನ್ನಿ. ಒಳಗೆ ಬಂದವರು "ಐದು" ಅಂದರೆ ಐದು, "ಕೆಳಗೆ" ಅಂದರೆ ಕೆಳಗೆ. ಏಳಂತಸ್ತಿನ ಆ ಕಚೇರಿಯಲ್ಲಿ ಎಲ್ಲರೂ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ಸಾಕು, ಲಿಫ್ಟಣ್ಣನ ಪಾಡು ಯಾರಿಗೂ ಬೇಡ. ಹರಿದ ಕೊಡೆಯನ್ನು ಹೊಲಿಸಬೇಕೋ ಹೊಸದು ಕೊಳ್ಳಬೇಕೋ ಎಂದು ಎರಡು ಮಳೆಗಾಲ ಯೋಚಿಸಿ, ಎರಡು ಮಳೆಗಾಲವೂ ನೆನೆದಿದ್ದ. ಅಂಗಡಿಯಲ್ಲಿ ನಿಂತು ಹೆಂಡತಿಗೆ ಫೋನ್ ಮಾಡುತ್ತಿದ್ದ. "ನೋಡು, ಸೋಪು ಹಸಿರು ತಗೊಳ್ಳಾ, ನೀಲಿ ತಗೊಳ್ಳಾ?" ಐದು ನಿಮಿಷ ಬಿಟ್ಟು ಮತ್ತೆ. "ನೀಲಿ ದೊಡ್ಡದು, ಹಸಿರು ಚಿಕ್ಕದು. ಈಗೇನು ಮಾಡ್ಲಿ?" ದಿನಕ್ಕೆ ಏನಿಲ್ಲವೆಂದರೂ ಹದಿನೈದು ಫೋನು. ಅವಳು ಒಲೆಯ ಮುಂದಿರಲಿ, ಬಟ್ಟೆ ಹಿಂಡುತ್ತಿರಲಿ, ಕೈ ಒರೆಸಿಕೊಂಡು ಬಂದು ಉತ್ತರ ಹೇಳಬೇಕಿತ್ತು.

ಇಂಥವನ ಕೈಗೆ ತಿಂಗಳ ಮೊದಲ ಸೋಮವಾರ ಸೂಪರಿಂಟೆಂಡೆಂಟರು ಒಂದು ಮೆಮೊ ಕೊಟ್ಟರು. ಪಕ್ಕದಲ್ಲಿ ಲಿಫ್ಟಿಗೆಂದು ಬಿಟ್ಟ ಖಾಲಿ ಬಾವಿಯಲ್ಲಿ ಗುಂಡಿ ಒತ್ತಿದರೆ ತಾನೇ ಓಡುವ ಹೊಸ ಲಿಫ್ಟ್ ಕೂರಿಸಲಾಗುತ್ತಿದೆ. ಹಳೆಯ ಲಿಫ್ಟ್ ತಿಂಗಳ ಕೊನೆಗೆ ನಿಲ್ಲುತ್ತದೆ. ಆದಕಾರಣ ನೌಕರನು ನೆಲಮಾಳಿಗೆಯ ದಾಖಲೆ ಕೋಣೆಗೆ ಹೋಗುವುದೋ, ಸ್ವಯಂ ನಿವೃತ್ತಿ ಪಡೆಯುವುದೋ, ಎರಡರಲ್ಲಿ ಒಂದನ್ನು ಆರಿಸಿ ಕೊನೆಯ ಶುಕ್ರವಾರ ಸಂಜೆ ಐದರೊಳಗೆ ಬರೆದು ಕೊಡತಕ್ಕದ್ದು. ತಪ್ಪಿದಲ್ಲಿ ನಿವೃತ್ತಿ ಎಂದೇ ಭಾವಿಸಲಾಗುವುದು.

"ಸಾರ್, ನಾನು ಯಾವುದು ಬರೀಲಿ?" ಎಂದ ಲಿಫ್ಟಣ್ಣ.

"ಅದನ್ನ ನೀನೇ ಹೇಳ್ಬೇಕು ಕಣಯ್ಯ. ಅದಕ್ಕೇ ತಾನೇ ಮೆಮೊ ಕೊಟ್ಟಿರೋದು?"

ಮನೆಗೆ ಬಂದು ಹೆಂಡತಿಯನ್ನು ಕೇಳಿದ. ಅವಳು ಮೆಮೊವನ್ನು ಎರಡು ಸಲ ಓದಿ, "ಇದು ಸೋಪಲ್ಲ ರೀ. ನಿಮ್ಮ ಜೀವನ. ನಿಮಗೆ ಯಾವುದು ಬೇಕೋ ಅದನ್ನ ಮಾಡಿ, ನಾನು ಜೊತೇಲಿರ್ತೀನಿ" ಎಂದಳು. ಗಂಡನ ಮೇಲಿನ ಪ್ರೀತಿಯಿಂದಲೇ ಹೇಳಿದ ಮಾತದು. ಆದರೆ ಲಿಫ್ಟಣ್ಣನಿಗೆ ಅದಕ್ಕಿಂತ ಕ್ರೂರವಾದ ಮಾತನ್ನು ಯಾರೂ ಆಡಿರಲಿಲ್ಲ. ದಾಖಲೆ ಕೋಣೆಯೆಂದರೆ ಕಿಟಕಿಯಿಲ್ಲದ ಜಾಗ, ದಿನವಿಡೀ ಧೂಳಿನ ಜೊತೆ ಕೂರಬೇಕು. ನಿವೃತ್ತಿಯೆಂದರೆ ಐವತ್ತೊಂದನೇ ವಯಸ್ಸಿಗೆ, ಮನೆಯಲ್ಲೇ ಇರುವ ಅತ್ತೆಯ ಎದುರು ದಿನವಿಡೀ ಕೂರಬೇಕು. ಯಾವುದು ವಾಸಿ ಎಂದು ದೇವರೇ ಬಂದು ಹೇಳಬೇಕು ಎಂದುಕೊಂಡು ಮಲಗಿದ.

ದೇವರು ಮಾರನೆಯ ಬೆಳಿಗ್ಗೆ ಏಳು ಗಂಟೆ ಐದು ನಿಮಿಷಕ್ಕೆ ಸರಿಯಾಗಿ ಬಂದ.

ಲಿಫ್ಟಣ್ಣ ಬಚ್ಚಲಲ್ಲಿ ಹಲ್ಲುಜ್ಜುತ್ತ, ಮೊದಲು ಆ ಕೊಡೆಯ ವಿಷಯವನ್ನಾದರೂ ಮುಗಿಸಬೇಕು, ಹೊಲಿಸಲೋ ಕೊಳ್ಳಲೋ ಎಂದು ಯೋಚಿಸುತ್ತಿದ್ದ. ಗೋಡೆಯ ಮೇಲ್ತುದಿಯ ಗವಾಕ್ಷಿಯಿಂದ ಒಂದು ಸಿನಿಮಾ ಹಾಡು ತೇಲಿ ಬಂತು. "ಹಳೆಯ ಪಟದ ದಾರವನ್ನು ಕಡಿದುಬಿಡೋ ಗೆಳೆಯಾ…" ಅಷ್ಟೇ. ಒಂದು ಸಾಲು ಬಂದು ಕತ್ತರಿಸಿದ ಹಾಗೆ ನಿಂತಿತು. ಲಿಫ್ಟಣ್ಣನ ಬಾಯಿಂದ ನೊರೆ ಗಲ್ಲಕ್ಕಿಳಿಯಿತು. ಆ ಸಂಜೆಯೇ ಹೊಸ ಕೊಡೆ ಕೊಂಡ. ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ಧೋ ಎಂದು ಮಳೆ ಸುರಿಯಿತು. ಇನ್ನೇನು ಸಾಕ್ಷಿ ಬೇಕು?

"ಮೇಲ್ಗಡೆ ಖಾಲಿ ಮನೆಗೆ ಯಾರೋ ಬಂದಿದಾರಂತೆ. ಅವರ ರೇಡಿಯೋ ಇರ್ಬೇಕು ಬಿಡಿ" ಎಂದಳು ಹೆಂಡತಿ.

"ರೇಡಿಯೋ ಆದ್ರೆ ಹಾಡು ಪೂರ್ತಿ ಬರ್ಬೇಕು. ಒಂದೇ ಸಾಲು ಹಾಡಿ ಸುಮ್ಮನಾಗೋ ರೇಡಿಯೋ ನೀನೆಲ್ಲಾದ್ರೂ ನೋಡಿದೀಯಾ?"

ಅವಳು ನೋಡಿರಲಿಲ್ಲ. ಇದು ಲಿಫ್ಟಣ್ಣ ತನ್ನ ದಾಂಪತ್ಯದಲ್ಲಿ ಗೆದ್ದ ಮೊದಲ ವಾದ. ಆ ಗೆಲುವಿನ ಅಮಲಿನಲ್ಲಿ ಹಳೆಯ ಡೈರಿಯೊಂದನ್ನು ಹುಡುಕಿ ತೆಗೆದು, ಎಡಗಡೆ ಹಾಡಿನ ಸಾಲು, ಬಲಗಡೆ ಅದರ ತಾತ್ಪರ್ಯ ಬರೆಯತೊಡಗಿದ. ಮೂರನೆಯ ದಿನ ಗವಾಕ್ಷಿ "ತುಟಿಗೆ ಬೀಗ ಹಾಕು ನಲ್ಲೆ, ಕಣ್ಣಿನಲ್ಲೇ ಉಲಿ" ಎಂದಿತು. ತಾತ್ಪರ್ಯ: ಈ ದಿನ ಮೌನ. ಅಂದೇ ಏಳನೇ ಮಹಡಿಯಿಂದ ತನಿಖೆಗೆ ಇಳಿದು ಬಂದ ದೊಡ್ಡ ಸಾಹೇಬರು ಎದುರುತ್ತರ ಕೊಟ್ಟ ಹನ್ನೊಂದು ಮಂದಿಗೂ ಛೀಮಾರಿ ಹಾಕಿದರು. ಕಣ್ಣು ಬಿಟ್ಟುಕೊಂಡು ನಿಂತಿದ್ದ ಲಿಫ್ಟಣ್ಣನೊಬ್ಬನಿಗೆ "ಶಿಸ್ತಿನ ಮನುಷ್ಯ" ಎಂಬ ಬಿರುದು ಸಿಕ್ಕಿತು.

ಇಷ್ಟಾದ ಮೇಲೂ ನಂಬದೇ ಇದ್ದವರು ಅತ್ತೆ. ಅಳಿಯ ಹೇಳಿದ್ದನ್ನು ನಂಬುವುದು ಅವರ ಜಾಯಮಾನವಲ್ಲ. ಒಂದು ಭಾನುವಾರ ಸೊಂಟ ಹಿಡಿದುಕೊಂಡು ತಾವೇ ಬಚ್ಚಲಿಗೆ ಹೋಗಿ, "ನಿಜವಾಗ್ಲೂ ಇದ್ರೆ ನನ್ನ ಸೊಂಟನೋವಿಗೆ ಏನಾದ್ರೂ ಹೇಳು ನೋಡೋಣ" ಎಂದು ಗವಾಕ್ಷಿಗೆ ಸವಾಲು ಹಾಕಿದರು. ಎರಡು ನಿಮಿಷಕ್ಕೆ ತಮಟೆ ಡೋಲುಗಳ ಅಬ್ಬರದಲ್ಲಿ ಉತ್ತರ ಬಂತು. "ಸೊಂಟ ಬಳುಕಿಸೇ ರಾಣಿ, ಸುತ್ತು ಮೂರು ಸುತ್ತು!"

ಹೇಳಿ ಕೇಳಿ ಅದು ಕುಡುಕರ ಅಡ್ಡೆಯಲ್ಲಿ ಕುಣಿಯುವ ಹಾಡು. ಆದರೂ ಅತ್ತೆ ಭಕ್ತಿಯಿಂದ ಹೊರಗೆ ಬಂದು, ಅಂದಿನಿಂದ ದಿನಾ ಬೆಳಿಗ್ಗೆ ಇಡೀ ಕಟ್ಟಡವನ್ನು ಮೂರು ಸುತ್ತು ಹಾಕತೊಡಗಿದರು. ಹತ್ತೇ ದಿನದಲ್ಲಿ ಸೊಂಟ ಸಡಿಲವಾಯಿತು. ವೈದ್ಯರು ಆರು ವರ್ಷದಿಂದ ಅದೇ ನಡಿಗೆಯನ್ನು ಹೇಳುತ್ತಿದ್ದರು, ನಿಜ. ಆದರೆ ಅವರು ತಮಟೆ ಬಾರಿಸಿ ಹೇಳಿರಲಿಲ್ಲ.

"ಅಳಿಯಂದ್ರೇ, ನಿಮ್ಮನ್ನ ಏನೋ ಅಂದ್ಕೊಂಡಿದ್ದೆ" ಎಂದು ಅತ್ತೆ ಕಣ್ಣು ಒರೆಸಿಕೊಂಡರು. ಏನೆಂದುಕೊಂಡಿದ್ದರು ಎಂದು ಕೇಳುವ ಧೈರ್ಯ ಲಿಫ್ಟಣ್ಣನಿಗೆ ಬರಲಿಲ್ಲ.

ಸುದ್ದಿ ಮೊದಲು ಎದುರುಮನೆ ಟೀಚರಮ್ಮನಿಗೆ ಹೋಯಿತು. ಅವರು ವರ್ಗಾವಣೆಯ ಅರ್ಜಿ ಹಿಡಿದುಕೊಂಡೇ ಬಚ್ಚಲಿಗೆ ಬಂದರು. ಆಮೇಲೆ ಸುದ್ದಿ ಲಿಫ್ಟಿನಲ್ಲಿ ಏಳು ಮಹಡಿಗೂ ಹತ್ತಿತು. ಗುರುವಾರ, ಅಂದರೆ ಗಡುವಿನ ಹಿಂದಿನ ದಿನ, ಬೆಳಿಗ್ಗೆ ಆರೂಮುಕ್ಕಾಲಿಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ತಲೆಗೆ ಮಫ್ಲರ್ ಸುತ್ತಿಕೊಂಡು ಸೂಪರಿಂಟೆಂಡೆಂಟರು ನಿಂತಿದ್ದರು.

"ನಂಗೆ ಇಂಥದ್ರಲ್ಲೆಲ್ಲ ನಂಬಿಕೆ ಇಲ್ಲ ಕಣಯ್ಯ" ಎಂದರು ಮೊದಲಿಗೆ. "ಬಚ್ಚಲು ಎಲ್ಲಿ?" ಎಂದರು ಆಮೇಲೆ. ಅವರ ಬಡ್ತಿಯ ಫೈಲು ಏಳನೇ ಮಹಡಿಯಲ್ಲಿ ದೊಡ್ಡ ಸಾಹೇಬರ ಮೇಜಿನ ಮೇಲೆ ಒಂದು ವರ್ಷದಿಂದ ಮಲಗಿತ್ತು.

ಬಕೆಟ್ ಬೋರಲು ಹಾಕಿ ಕೂರಿಸಿದ್ದಾಯಿತು. ಹೊರಗೆ ಹೆಂಡತಿ ಟವೆಲ್ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದಳು.

"ನಮ್ಮ ಬಚ್ಚಲಲ್ಲಿ ನಿಮ್ಮ ಆಫೀಸರು ಯಾಕ್ರೀ ಕೂತಿದಾರೆ?"

"ಶ್! ಕಾಯ್ತಿದಾರೆ."

"ನಾನು ಸ್ನಾನ ಮಾಡ್ಬೇಕಲ್ರೀ!"

"ನಿಂಗೆ ಸ್ನಾನದ ಚಿಂತೆ. ಅವರಿಗೆ ಬಡ್ತಿ ಚಿಂತೆ."

"ನಿಮ್ಮ ಚಿಂತೆ ಏನಾಯ್ತು? ನಾಳೆ ಶುಕ್ರವಾರ" ಎಂದಳು ಹೆಂಡತಿ ಮೆಲ್ಲಗೆ. ಲಿಫ್ಟಣ್ಣ ಉಗುರು ಕಚ್ಚತೊಡಗಿದ. ತಿಂಗಳಿಡೀ ಗವಾಕ್ಷಿ ಕೊಡೆ, ಸೊಂಟ, ಮೌನ ಎಲ್ಲದರ ಬಗ್ಗೆಯೂ ಮಾತಾಡಿತ್ತು. ದಾಖಲೆ ಕೋಣೆಯ ಬಗ್ಗೆ ಒಂದಕ್ಷರ ಹೇಳಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಹಾಡು ಕೇಳಿತು. "ಏರು ಏರು ಏರು ಮಗನೇ, ಮುಗಿಲು ನಿನ್ನ ಮನೆಯು!" ಸೂಪರಿಂಟೆಂಡೆಂಟರು ಬಕೆಟ್ಟಿನ ಮೇಲಿಂದ ಹಾಗೇ ಎದ್ದು ನಿಂತು ಕೈಮುಗಿದರು. ಹೋಗುವಾಗ ಕಾಫಿ ಕೂಡ ಕುಡಿಯಲಿಲ್ಲ.

ಶುಕ್ರವಾರ ಲಿಫ್ಟಣ್ಣ ಬೆಳಗಿನ ಐದು ಗಂಟೆಗೇ ಬಚ್ಚಲು ಸೇರಿದ. ಕೂತ, ಎದ್ದ, ನಲ್ಲಿ ತಿರುಗಿಸಿದ, ಮತ್ತೆ ಕೂತ. ಏಳಾಯಿತು. ಏಳೂ ಐದು ಆಯಿತು. ಏಳೂವರೆ ಆಯಿತು. "ಇವತ್ತೊಂದಿನ ಕೈ ಬಿಡಬೇಡಪ್ಪ" ಎಂದು ಗೋಡೆಗೆ ಹಣೆ ಚಚ್ಚಿಕೊಳ್ಳುವ ಹೊತ್ತಿಗೆ ಒಂದು ಹೆಣ್ಣು ದನಿ ಕೇಳಿತು.

"ಸಾಕು ಮಾಡು, ಸಾಕು ಮಾಡು, ಇಳಿದು ಬಾರೋ ದೊರೆಯೇ…"

ಇದಕ್ಕೆ ತಾತ್ಪರ್ಯ ಬೇರೆ ಬೇಕೇ? ಇಪ್ಪತ್ತೆರಡು ವರ್ಷ ಮೇಲೆ ಕೆಳಗೆ ಓಡಾಡಿದವನಿಗೆ, ಸಾಕು, ಇಳಿ ಎಂದು ಹೇಳುತ್ತಿದೆ. ಲಿಫ್ಟಣ್ಣನ ಕಣ್ಣಲ್ಲಿ ನೀರು ಬಂತು. ಲಿಫ್ಟನ್ನು ಬಿಟ್ಟು ಬದುಕುವುದು ಅವನಿಗೆ ಬೇಕಿರಲಿಲ್ಲ, ಅದು ಆ ಕ್ಷಣಕ್ಕೇ ಗೊತ್ತಾಯಿತು. ಆದರೆ ಅಪ್ಪಣೆಗೆ ಎದುರಾಡುವುದುಂಟೇ? ಹೆಂಡತಿಗೂ ಹೇಳದೆ, ತಿಂಡಿಯನ್ನೂ ತಿನ್ನದೆ ಹೊರಟ. ಹತ್ತು ಗಂಟೆಗೆ ನಿವೃತ್ತಿ ಪತ್ರವನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟ.

"ಇವತ್ತೇ ಸಾಹೇಬರ ಸಹಿ ಮಾಡಿಸ್ತೀನಿ" ಎಂದರು ಅವರು, ನಿನ್ನೆಯಿಂದ ನೆಲಕ್ಕೆ ಕಾಲೂರದ ಉತ್ಸಾಹದಲ್ಲಿ. "ಒಂದು ಗಂಟೆಗೆ ನಾನೇ ಏಳನೇ ಮಹಡಿಗೆ ಹೋಗ್ತಿದೀನಿ."

ಹನ್ನೆರಡೂ ಮುಕ್ಕಾಲಿಗೆ ಲಿಫ್ಟಿಗೆ ಒಬ್ಬ ಹೊಸಬ ಹತ್ತಿದ. ಎಣ್ಣೆ ಹಚ್ಚಿ ಬಾಚಿದ ತಲೆ, ಕಂಕುಳಲ್ಲಿ ಚರ್ಮದ ಚೀಲ. "ಆರು, ಅಣ್ಣಾ. ನೀವು ವಿಮೆ ಮಾಡಿಸಿದೀರಾ?" ಎಂದ ಒಂದೇ ಉಸಿರಿಗೆ. ವಿಮೆ ಏಜೆಂಟ್. ಮೂರನೇ ಮಹಡಿ ದಾಟುವಾಗ ಅವನ ಜೇಬಿನಿಂದ ಹಾಡು ಬಂತು.

"ಸಾಕು ಮಾಡು, ಸಾಕು ಮಾಡು, ಇಳಿದು ಬಾರೋ ದೊರೆಯೇ…" ಏಜೆಂಟ್ ಗುಂಡಿ ಒತ್ತಿ ಬಾಯಿ ಮುಚ್ಚಿಸಿದ.

ಲಿಫ್ಟಣ್ಣ ಹಿಡಿಕೆ ಎಳೆದ. ಲಿಫ್ಟು ನಾಲ್ಕರಲ್ಲಿ ಗಕ್ಕನೆ ನಿಂತಿತು.

"ಏನದು?"

"ಅದಾ? ನಮ್ಮತ್ತೆ ಫೋನು. ಅವರದು ಬಂದ್ರೆ ಸಾಕು ಮಾಡು ಅನ್ನಿಸುತ್ತಲ್ಲ, ಅದಕ್ಕೇ ಆ ಹಾಡು ಇಟ್ಟಿದೀನಿ. ಬೆಳಿಗ್ಗೆ ಏಳೂವರೆಗೆ ಒಂದ್ಸಲ, ಈಗೊಂದ್ಸಲ!" ಏಜೆಂಟ್ ಹೆಮ್ಮೆಯಿಂದ ವಿವರಿಸಿದ. "ನಂದು ಒಬ್ಬೊಬ್ಬರಿಗೆ ಒಂದೊಂದು ಹಾಡು ಅಣ್ಣಾ. ಮ್ಯಾನೇಜರು ಮಾಡಿದ್ರೆ 'ಏರು ಏರು'. ಹೆಂಡ್ತಿ ತವರಿಂದ ಮಾಡಿದ್ರೆ 'ತುಟಿಗೆ ಬೀಗ'. ನಮ್ಮ ಭಾವಮೈದ ದಿನಾ ಸಾಯಂಕಾಲ ಕುಡೀತಾನೆ, ಅವನಿಗೆ 'ಸೊಂಟ ಬಳುಕಿಸೇ'. ಯಾರು ಅಂತ ನೋಡ್ದೇನೇ ಗೊತ್ತಾಗುತ್ತೆ. ಎರಡನೇ ಸಾಲು ಬರೋದ್ರೊಳಗೆ ಎತ್ತಿಬಿಡ್ತೀನಿ. ನಮ್ಮ ಕೆಲಸದಲ್ಲಿ ತಡ ಮಾಡಿದ್ರೆ ಗಿರಾಕಿ ಹೋದ ಅಂತಲೇ ಲೆಕ್ಕ."

"ನಿಮ್ಮ ಮನೆ…"

"ಇಲ್ಲೇ ಹತ್ತಿರ, ಮಹಡಿ ಮನೆ. ಈ ತಿಂಗಳು ಬಂದ್ವಿ. ಗಡ್ಡ ಹೆರೆಯುವಾಗ ಫೋನು ಬಚ್ಚಲ ಕಿಟಕೀಲಿ ಇಟ್ಟಿರ್ತೀನಿ. ಅಲ್ಲಿ ಮಾತು ಸರಿಯಾಗಿ ಕೇಳಲ್ಲ, ಎತ್ತಿಕೊಂಡು ಆಚೆ ಓಡ್ಬೇಕು. ಯಾಕಣ್ಣಾ, ಮುಖ ಹಂಗೆ ಬಿಳಿಚಿಕೊಂಡಿದೆ? ವಿಮೆ ಇಲ್ವಾ?"

ಯಾರದೋ ಅತ್ತೆ ಅಳಿಯನಿಗೆ ಫೋನ್ ಮಾಡಿದ್ದಕ್ಕೆ ತಾನು ನೌಕರಿ ಬಿಟ್ಟಿದ್ದ. ಲಿಫ್ಟಣ್ಣ ಬಾಗಿಲು ಸರಿಸಿ, ಏಜೆಂಟನನ್ನು ನಾಲ್ಕರಲ್ಲೇ ಬಿಟ್ಟು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಆ ಕಟ್ಟಡದ ಮೆಟ್ಟಿಲಿಳಿದು ಓಡಿದ. ಕೊನೆಯ ಮೆಟ್ಟಿಲು ಎಲ್ಲಿದೆಯೆಂದು ಗೊತ್ತಿಲ್ಲದೆ ಎರಡು ಕಡೆ ಮುಗ್ಗರಿಸಿದ.

ಸೂಪರಿಂಟೆಂಡೆಂಟರ ಕುರ್ಚಿ ಖಾಲಿ. "ಇದೀಗ ತಾನೇ ಹೋದ್ರು. ಹೊಸ ಲಿಫ್ಟಲ್ಲಿ" ಎಂದ ಪಕ್ಕದ ಗುಮಾಸ್ತ. "ಇನ್ನೂ ಪರೀಕ್ಷೆ ಮುಗಿದಿಲ್ಲ, ಹತ್ತಬೇಡಿ ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ನಂಗೆ ಏರು ಅಂತ ಅಪ್ಪಣೆ ಆಗಿದೆ ಅಂದ್ರು."

ಆ ಕ್ಷಣಕ್ಕೆ ಹೊಸ ಲಿಫ್ಟಿನ ಬಾವಿಯಿಂದ ಧಡಕ್ ಎಂದು ಸದ್ದು ಬಂತು. ಹಿಂದೆಯೇ ಅಪ್ಪಣೆ ಪಡೆದವರ ಆರ್ತನಾದ.

ಲಿಫ್ಟಿನ ಪೆಟ್ಟಿಗೆ ನಾಲ್ಕು ಐದನೇ ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು. ಲಿಫ್ಟ್ ಕೂರಿಸುವ ಮೆಕ್ಯಾನಿಕ್‌ಗಳು ಊಟಕ್ಕೆ ಹೋಗಿದ್ದರು, ಅವರ ಫೋನಿಗೆ ಉತ್ತರವಿಲ್ಲ. ನಾಲ್ಕನೇ ಮಹಡಿಯಲ್ಲಿ ಜಾತ್ರೆಯಷ್ಟು ಜನ. ಕೈಯಿಂದ ಚಕ್ರ ತಿರುಗಿಸಿ ಪೆಟ್ಟಿಗೆಯನ್ನು ಸರಿಸುವ ವಿದ್ಯೆ ಕಟ್ಟಡದಲ್ಲಿ ಒಬ್ಬನಿಗೇ ಗೊತ್ತಿತ್ತು. ತಿಂಗಳಿಡೀ ಚಡಪಡಿಕೆ ತಾಳಲಾರದೆ ಮೆಕ್ಯಾನಿಕ್‌ಗಳ ಬೆನ್ನು ಬಿದ್ದು, ಇದೇನು ಅದೇನು ಎಂದು ಅವರ ತಲೆ ತಿಂದಿದ್ದವನು ಅವನೇ.

"ಬ್ರೇಕು ಸಡಿಲಿಸಿ ಹಿಡಿಯೋಕೆ ಇನ್ನೊಬ್ಬರು ಬೇಕು" ಎಂದು ಲಿಫ್ಟಣ್ಣ ಸುತ್ತ ನೋಡಿದ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಸರಿಯದೆ ಉಳಿದವನು, ಗುಂಪಿಗೆ ವಿಮೆಯ ಮಹತ್ವ ವಿವರಿಸುತ್ತಿದ್ದ ಏಜೆಂಟ್. ಅವನ ರಟ್ಟೆ ಹಿಡಿದು ಎಳೆದುಕೊಂಡು ತಾರಸಿಯ ಯಂತ್ರದ ಕೋಣೆಗೆ ಓಡಿದ. ಮೇನ್ ಸ್ವಿಚ್ ಆರಿಸಿ ಬ್ರೇಕಿನ ಸನ್ನೆಕೋಲನ್ನು ಅವನ ಎರಡೂ ಕೈಗೆ ಕೊಟ್ಟ. "ಒತ್ತಿ ಅಂದಾಗ ಒತ್ತಿ, ಬಿಡಿ ಅಂದಾಗ ಬಿಡಿ. ನಡುವೆ ಕೈ ಮಾತ್ರ ತೆಗೀಬೇಡಿ."

ಹಗ್ಗ ಇಳಿಯುವ ಕಿಂಡಿಗೆ ಬಾಯಿಟ್ಟು, ಅಭ್ಯಾಸಬಲದಿಂದ ಕೂಗಿದ. "ಸಾರ್, ಮೇಲಕ್ಕಾ, ಕೆಳಕ್ಕಾ?"

"ಕೆಳಗೆ ಇಳಿಸಯ್ಯ, ಪುಣ್ಯಾತ್ಮ! ನಂಗೆ ಬಡ್ತಿ ಬೇಡ!"

ಮೆಟ್ಟಿಲ ಬುಡದಿಂದ ನಲವತ್ತು ಗಂಟಲು "ಕೆಳಗೆ! ಕೆಳಗೆ!" ಎಂದವು. ಲಿಫ್ಟಣ್ಣ ಚಕ್ರಕ್ಕೆ ಕೈ ಹಾಕಿದ. ಸರಿಯಾಗಿ ಆಗಲೇ ಏಜೆಂಟನ ಜೇಬು ಹಾಡಿತು. "ಸಾಕು ಮಾಡು, ಸಾಕು ಮಾಡು, ಇಳಿದು ಬಾರೋ ದೊರೆಯೇ…"

"ಅಣ್ಣಾ, ಒಂದು ನಿಮಿಷ, ನಮ್ಮತ್ತೆ…"

"ಕೈ ತೆಗೆದ್ರೆ ನಿಮ್ಮ ವಿಮೆ ನಾನೇ ಮಾಡಿಸ್ಬೇಕಾಗುತ್ತೆ!"

ಏಜೆಂಟ್ ಅಲ್ಲಾಡಲಿಲ್ಲ. ತಿಂಗಳಲ್ಲಿ ಮೊದಲ ಸಲ ಹಾಡು ಎರಡನೇ ಸಾಲಿಗೆ ದಾಟಿತು. "ಬಡಿಸಿಟ್ಟ ಊಟ ಆರಿ ಹೋಯ್ತು, ಮುನಿಸು ನಾಳೆಗಿರಲಿ…" ಲಿಫ್ಟಣ್ಣ ಬಾಯಿ ತೆರೆದು ನಿಂತ. ಜಗಳವಾಡಿ ಅಟ್ಟ ಹತ್ತಿ ಕೂತ ಗಂಡನನ್ನು ಹೆಂಡತಿ ಊಟಕ್ಕೆ ಕರೆಯುವ ಹಾಡು! ಇದನ್ನು ಕೇಳಿ ತಾನು ತಿಂಡಿಯನ್ನೂ ಬಿಟ್ಟು ಬಂದಿದ್ದ.

ಕೆಳಗೆ ಮೇಲಧಿಕಾರಿ ಇಳಿಸು ಎನ್ನುತ್ತಿದ್ದರು, ನಲವತ್ತು ಮಂದಿ ಇಳಿಸು ಎನ್ನುತ್ತಿದ್ದರು, ಜೇಬಿನ ದೇವರೂ ಇಳಿ ಎನ್ನುತ್ತಿತ್ತು. ಆದರೆ ಪೆಟ್ಟಿಗೆಯಲ್ಲಿರುವುದು ಒಬ್ಬರೇ. ಅದು ಹಗುರ, ಹಗ್ಗದ ಇನ್ನೊಂದು ತುದಿಯಲ್ಲಿ ತೂಗುವ ಕಬ್ಬಿಣ ಭಾರ. ಇಳಿಸಲು ಹೋದರೆ ಇಬ್ಬರ ರಟ್ಟೆಯೂ ಸಾಲದು. ಮೇಲಕ್ಕಾದರೆ ತಾನೇ ಸರಿಯುತ್ತದೆ, ಜೋರಾಗದಂತೆ ತಡೆದರೆ ಸಾಕು. ಲಿಫ್ಟಿನ ಮೈ ಗೊತ್ತಿದ್ದವನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

"ಮೇಲಕ್ಕೆ!" ಎಂದು ಲಿಫ್ಟಣ್ಣ ಕಿಂಡಿಯಲ್ಲಿ ಗರ್ಜಿಸಿದ.

"ಹಾಡು ಏನನ್ನುತ್ತೆ ಸರಿಯಾಗಿ ಕೇಳಯ್ಯಾ!" ಎಂದು ಸೂಪರಿಂಟೆಂಡೆಂಟರು ಬಾವಿಯೊಳಗಿಂದ ಅರಚಿದರು.

"ಹಾಡಲ್ಲ ಸಾರ್, ಅದು ಇವರತ್ತೆ! ಮೇಲಕ್ಕೆ ಅಂತ ನಾನು ಹೇಳ್ತಿದೀನಿ! ಒತ್ತಿ!"

ಗೇಣು ಗೇಣಾಗಿ ಪೆಟ್ಟಿಗೆ ಏರಿತು. ಐದನೇ ಮಹಡಿಯಲ್ಲಿ ಬಾಗಿಲು ಬಿಡಿಸಿದಾಗ ಸೂಪರಿಂಟೆಂಡೆಂಟರು ಬೆವರಿನಲ್ಲಿ ತೊಯ್ದು, ಸಹಿಗೆ ಒಯ್ಯುತ್ತಿದ್ದ ಫೈಲನ್ನು ಎದೆಗೆ ಅವಚಿಕೊಂಡು, ಕಣ್ಣು ಮುಚ್ಚಿಕೊಂಡಿದ್ದರು. ಲಿಫ್ಟಣ್ಣ ಫೈಲಿನೊಳಗಿಂದ ತನ್ನ ಪತ್ರ ಎಳೆದು ಚೂರು ಚೂರು ಮಾಡಿದ. ಅಲ್ಲೇ ಗೋಡೆಗೆ ಹಾಳೆಯಿಟ್ಟು ಇನ್ನೊಂದು ಬರೆದ. "ನಾನು ದಾಖಲೆ ಕೋಣೆಗೂ ಹೋಗುವುದಿಲ್ಲ, ಮನೆಗೂ ಹೋಗುವುದಿಲ್ಲ. ಹೊಸ ಲಿಫ್ಟ್ ಕೆಟ್ಟಾಗ ಚಕ್ರ ತಿರುಗಿಸಲು ಒಬ್ಬ ಬೇಕು. ಅವನು ನಾನು."

"ಮೆಮೊದಲ್ಲಿ ಎರಡೇ ಆಯ್ಕೆ ಇತ್ತಲ್ಲಯ್ಯ" ಎಂದರು ಸೂಪರಿಂಟೆಂಡೆಂಟರು ಕ್ಷೀಣವಾಗಿ.

"ಇದು ಮೂರನೇದು ಸಾರ್. ಸಹಿ ಮಾಡ್ತೀರಾ, ಇಲ್ಲಾ ಇನ್ನೆರಡು ಮಹಡಿ ಅದೇ ಲಿಫ್ಟಲ್ಲಿ ಹೋಗ್ತೀರಾ?"

ಅಷ್ಟು ಬೇಗ ಬಿದ್ದ ಸಹಿಯನ್ನು ಆ ಕಚೇರಿ ಅದುವರೆಗೆ ಕಂಡಿರಲಿಲ್ಲ. ಏಳನೇ ಮಹಡಿಗೆ ಅವರು ಮೆಟ್ಟಿಲು ಹತ್ತಿಯೇ ಹೋದರು. ದೊಡ್ಡ ಸಾಹೇಬರೂ ದಿನಾ ಲಿಫ್ಟಿನಲ್ಲೇ ಓಡಾಡುವವರು, ಚರ್ಚೆಯಿಲ್ಲದೆ ಒಪ್ಪಿದರು.

ಸಂಜೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ಫೋನು. ಲಿಫ್ಟಣ್ಣ ಚಪ್ಪಲಿಯನ್ನೂ ಬಿಡದೆ ಎಲ್ಲವನ್ನೂ ಒದರಿದ. ಕೇಳಿ ಮುಗಿಸಿ ಅವಳು ಗೋಡೆಗೆ ಒರಗಿದಳು.

"ಇವತ್ತು ನೀವು ಒಂದ್ಸಲವೂ ಫೋನ್ ಮಾಡ್ಲಿಲ್ಲ" ಎಂದಳು. "ಬೆಳಿಗ್ಗೆ ತಿಂಡಿ ಬಿಟ್ಟು ಹೋದ್ರಿ. ಏನು ಮಾಡ್ಕೊಂಡ್ರೋ ಅಂತ ಮಧ್ಯಾಹ್ನದಿಂದ ಇದನ್ನ ಹಿಡ್ಕೊಂಡು ಕೂತಿದೀನಿ. ಊಟ ಕೂಡ ಆರಿ ಹೋಯ್ತು."

ಆರಿದ ಊಟವನ್ನೇ ಇಬ್ಬರೂ ಉಂಡರು. ನಡುವೆ ಅವನಿಗೊಂದು ಸಂಶಯ ಬಂತು.

"ಅಲ್ಲ ಕಣೇ, ನಾನು ಫೋನ್ ಮಾಡಿದ್ರೆ ಇಲ್ಲಿ ಯಾವ ಹಾಡು ಬರುತ್ತೆ?"

"ಇಟ್ಟಿದೀನಿ ಒಂದು."

"ಯಾವುದು?"

"ಹೇಳಲ್ಲ" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಅಂದಿನಿಂದ ಲಿಫ್ಟಣ್ಣನ ನೆಮ್ಮದಿ ಮತ್ತೆ ಹಾಳಾಯಿತು. ಇವನು ಇಲ್ಲಿಂದ ಫೋನ್ ಮಾಡಿದರೆ ಕೇಳುವುದು ಬರೀ ಟ್ರಿಣ್ ಟ್ರಿಣ್. ತನ್ನ ಹೆಸರಿನ ಹಾಡು ಅಲ್ಲೆಲ್ಲೋ ಮೊಳಗುತ್ತಿರುತ್ತದೆ, ಕರೆದವನಿಗೆ ಮಾತ್ರ ಕೇಳಿಸುವುದಿಲ್ಲ. ಒಂದು ತಿಂಗಳು ಬಚ್ಚಲಲ್ಲಿ ನಿಂತು ದೇವರನ್ನು ಕರೆದಾಗ ಅಲ್ಲಿಯೂ ಏನಾದರೂ ಹಾಡು ಮೊಳಗುತ್ತಿತ್ತೋ ಏನೋ ಎಂಬ ಯೋಚನೆಯೂ ಬಂತು. ಡೈರಿ ತೆಗೆದು ಎಲ್ಲ ಸಾಲುಗಳ ಮೇಲೂ ಬೆರಳಾಡಿಸಿದ. 'ಸಾಕು ಮಾಡು' ಇರಬಹುದೇ? 'ತುಟಿಗೆ ಬೀಗ' ಇರಬಹುದೇ?

ಕೊನೆಗೆ ತಡೆಯಲಾರದೆ, ಹೆಂಡತಿ ಬಟ್ಟೆ ಆರಹಾಕಲು ಹೋದ ಸಮಯ ನೋಡಿ ಅತ್ತೆಯನ್ನು ಹಿಡಿದ.

"ಅತ್ತೆ, ನೀವು ದಿನವಿಡೀ ಮನೇಲೇ ಇರ್ತೀರಿ. ನಾನು ಫೋನ್ ಮಾಡಿದಾಗ ಅವಳ ಫೋನಲ್ಲಿ ಯಾವ ಹಾಡು ಬರುತ್ತೆ? ನಿಜ ಹೇಳಿ."

ಅತ್ತೆ ನೆನಪಿಸಿಕೊಳ್ಳಲು ನೋಡಿದರು. ಸೋತು ತಲೆಯಾಡಿಸಿದರು.

"ಯಾರಿಗೆ ಗೊತ್ತು ಅಳಿಯಂದ್ರೇ? ಅದು ಶುರುವಾಗೋ ಮೊದಲೇ ಎತ್ತಿಬಿಡ್ತಾಳೆ."